ವಿಮೆ ಕಡಿಮೆ ಮಾಡಿ ಜಾಹೀರಾತಿಗೆ ಹಾಕಬಹುದಾ? ಒಬ್ಬ ನಗರಸಭೆ ಸದಸ್ಯೆಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಯಾದಗಿರಿ ಜಿಲ್ಲೆಯ ಒಂದು ನಗರಸಭೆಯ ಸದಸ್ಯೆ. ಮೊದಲ ಸಲ ಆರಿಸಿ ಬಂದಿದ್ದೇನೆ. ಮುಂದಿನ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಎರಡು ವಿಷಯ ಇವೆ. ಒಂದು, ನಗರಸಭೆಯ ವಾಹನ, ಕಟ್ಟಡ, ಪಂಪ್‌ಹೌಸ್ ಮತ್ತು ಪೌರಕಾರ್ಮಿಕರ ವಿಮೆಗೆ ಸುಮಾರು 11 ಲಕ್ಷ ರೂಪಾಯಿ. ಇನ್ನೊಂದು, ಪ್ರವಾಸಿಗರನ್ನು ಊರಿಗೆ ಕರೆತರಲು ಜಾಹೀರಾತಿಗೆ 15 ಲಕ್ಷ. "ಐದು ವರ್ಷದಿಂದ ವಿಮೆ ಕಟ್ಟುತ್ತಿದ್ದೇವೆ, ಒಂದು ರೂಪಾಯಿ ವಾಪಸ್ ಬಂದಿಲ್ಲ. ಅದನ್ನು ಕಡಿಮೆ ಮಾಡಿ ಜಾಹೀರಾತಿಗೆ ಹಾಕೋಣ. ಸಂಕ್ರಾಂತಿ ಜಾತ್ರೆಗೆ ಮೊದಲೇ ಬರಲಿ" ಎಂದು ಕೆಲವು ಸದಸ್ಯರು ಹೇಳುತ್ತಿದ್ದಾರೆ. ವಿಮೆಯ ಪಟ್ಟಿಯಲ್ಲಿ ಸದಸ್ಯರ ಅಪಘಾತ ವಿಮೆಯನ್ನೂ ಸೇರಿಸಿದ್ದಾರೆ. ಸಭೆಯಲ್ಲಿ ನಾನು ಏನು ಕೇಳಬೇಕು?

ಉತ್ತರ: ಅಕ್ಕಾವ್ರೆ, ಸಭೆಗೆ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಠರಾವು ಪಾಸಾದ ಮೇಲೆ ಬಂದು ಕೇಳುವವರೇ ಜಾಸ್ತಿ. ನಾನು ಮೂವತ್ತು ವರ್ಷ ಈ ಭಾಗದ ಪುರಸಭೆ, ನಗರಸಭೆಗಳ ಲೆಕ್ಕಪತ್ರ ನೋಡಿದವನು. ಈ ಎರಡು ಖರ್ಚುಗಳಿಗೂ ಒಂದೇ ರೋಗ. ದುಡ್ಡು ಕಟ್ಟುತ್ತಾರೆ, ರಸೀದಿ ಫೈಲಿಗೆ ಸೇರಿಸುತ್ತಾರೆ, ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ.

"ಒಂದು ರೂಪಾಯಿ ವಾಪಸ್ ಬಂದಿಲ್ಲ" ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಸಭೆಯಲ್ಲಿ ನಿಮ್ಮ ಮೊದಲ ಪ್ರಶ್ನೆ ಇದೇ ಇರಲಿ: ಈ ಐದು ವರ್ಷದಲ್ಲಿ ಎಷ್ಟು ಕ್ಲೇಮ್ ಹಾಕಿದ್ದೀರಿ? ಐದು ವರ್ಷದಲ್ಲಿ ಒಂದೂ ಮೋಟರ್ ಸುಟ್ಟಿಲ್ಲವೇ? ಒಂದೂ ಆಟೋ ಟಿಪ್ಪರ್ ಗುದ್ದಿಲ್ಲವೇ? ಖಂಡಿತ ಆಗಿರುತ್ತದೆ. ರಿಪೇರಿ ಬಿಲ್ಲುಗಳನ್ನು ತೆಗೆಸಿ ನೋಡಿ. ನಾನು ನೋಡಿದ ಬಹಳ ಕಡೆ ರಿಪೇರಿಗೆ ನಗರಸಭೆಯ ದುಡ್ಡೇ ಹೋಗಿರುತ್ತದೆ. ಪಾಲಿಸಿ ಬೀರುವಿನಲ್ಲಿ ಕುಳಿತಿರುತ್ತದೆ. ಕ್ಲೇಮ್ ಹಾಕಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ. ಹೊಳೆದರೂ ಕಂಪನಿಗೆ ತಿಳಿಸುವುದರೊಳಗೆ ಸುಟ್ಟ ಮೋಟರ್ ಬಿಚ್ಚಿ ಗುಜರಿಗೆ ಹಾಕಿರುತ್ತಾರೆ. ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡಲು ಏನೂ ಉಳಿದಿರುವುದಿಲ್ಲ. ಹಾಗಾದಾಗ ತಪ್ಪು ವಿಮೆಯದ್ದಲ್ಲ, ನಮ್ಮದು.

ಇನ್ನು, ಆ 11 ಲಕ್ಷದಲ್ಲಿ ನೀವು ಕೈ ಹಾಕಲಾಗದ ಭಾಗ ಯಾವುದು, ಹಾಕಬಹುದಾದ ಭಾಗ ಯಾವುದು ಎಂದು ಬೇರೆ ಮಾಡಿಸಿ.

ವಾಹನಗಳ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯನ್ನು, ಸಭೆ ಬೇಡ ಎನ್ನುವ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಅದನ್ನು ಕಡ್ಡಾಯ ಮಾಡಿದೆ. ಸರ್ಕಾರಿ ವಾಹನಕ್ಕೆ ವಿಮೆ ಬೇಡವಂತೆ ಎಂದು ಯಾರಾದರೂ ಎದ್ದು ಹೇಳುತ್ತಾರೆ. ಆ ವಿನಾಯಿತಿ ಸರ್ಕಾರದ ಸ್ವಂತ ಕೆಲಸದ ವಾಹನಗಳಿಗೆ ಮಾತ್ರ. ನಗರಸಭೆಯಂಥ ಸ್ಥಳೀಯ ಸಂಸ್ಥೆಗೆ ವಿನಾಯಿತಿ ಬೇಕಾದರೆ ಸರ್ಕಾರ ಪ್ರತ್ಯೇಕ ಆದೇಶ ಮಾಡಬೇಕು. ಅದಕ್ಕೂ ಮೊದಲು ನಷ್ಟ ತುಂಬಿಕೊಡಲು ಒಂದು ನಿಧಿಯನ್ನೇ ಸ್ಥಾಪಿಸಿರಬೇಕು. ನಿಮ್ಮಲ್ಲಿ ಅಂಥ ನಿಧಿ ಇದೆಯಾ ಎಂದು ಪೌರಾಯುಕ್ತರನ್ನು ಕೇಳಿ. ಇಲ್ಲದಿದ್ದರೆ ಆ ಚರ್ಚೆ ಅಲ್ಲಿಗೇ ಮುಗಿಯಿತು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣ ಇದೆ. ಬಹಳ ವರ್ಷದ ಹಿಂದೆ ಒಂದು ಪುರಸಭೆಯ ಲೆಕ್ಕ ನೋಡುತ್ತಿದ್ದೆ. ಅಲ್ಲಿ ಕಸದ ಟ್ರ್ಯಾಕ್ಟರ್‌ನ ವಿಮೆ ನವೀಕರಣಕ್ಕೆ ಠರಾವು ಸರಿಯಾದ ಸಮಯಕ್ಕೇ ಆಗಿತ್ತು. ಆದರೆ ಚೆಕ್ ಬರೆಯಲು ಫೈಲು ಟೇಬಲ್‌ನಿಂದ ಟೇಬಲ್‌ಗೆ ಓಡಾಡಿತು. ಹಳೆಯ ಪಾಲಿಸಿ ಮುಗಿದು ಕೆಲವೇ ದಿನ ಕಳೆದಿತ್ತು. ಒಂದು ಸಂಜೆ ಆ ಟ್ರ್ಯಾಕ್ಟರ್ ಒಬ್ಬ ಸೈಕಲ್ ಸವಾರನಿಗೆ ಗುದ್ದಿತು. ಆತ ತೀರಿಕೊಂಡ. ಮನೆಯಲ್ಲಿ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಕೋರ್ಟು ಪರಿಹಾರ ಕೊಡಿ ಎಂದಿತು. ಕೊಡಬೇಕಾದದ್ದು ಪುರಸಭೆ, ಕೊಡಲು ದುಡ್ಡಿಲ್ಲ. ಕೊನೆಗೆ ಪುರಸಭೆಯ ಬ್ಯಾಂಕ್ ಖಾತೆ ಜಪ್ತಿಗೆ ಬಂತು. ಆ ತಿಂಗಳು ಪೌರಕಾರ್ಮಿಕರ ಪಗಾರ ನಿಂತಿತು. ಆ ಹೆಣ್ಣುಮಗಳು ಕಚೇರಿಯ ಕಟ್ಟೆಯ ಮೇಲೆ ಕುಳಿತಿದ್ದು ಇನ್ನೂ ನನ್ನ ಕಣ್ಣ ಮುಂದೆ ಇದೆ.

1938ರ ವಿಮಾ ಕಾಯ್ದೆಯಲ್ಲಿ 64ವಿಬಿ ಎಂಬ ಕಲಮು ಇದೆ. ಪ್ರೀಮಿಯಂ ಕೈಗೆ ಬರುವವರೆಗೆ ಕಂಪನಿಯ ಮೇಲೆ ಜವಾಬ್ದಾರಿ ಬರುವುದಿಲ್ಲ ಎಂಬುದು ಅದರ ಸಾರ. ನಿಮ್ಮ ಠರಾವಿನ ತಾರೀಖು ಕಂಪನಿಗೆ ಲೆಕ್ಕಕ್ಕಿಲ್ಲ, ದುಡ್ಡು ಮುಟ್ಟಿದ ತಾರೀಖೇ ಲೆಕ್ಕ. ಅದಕ್ಕೇ ಎಲ್ಲಾ ವಾಹನಗಳ ಪಾಲಿಸಿ ಒಂದೇ ದಿನ ಮುಗಿಯುವಂತೆ ಹೊಂದಿಸಿಕೊಳ್ಳಿ. ಆ ದಿನಕ್ಕೆ ಒಂದು ತಿಂಗಳು ಮೊದಲೇ ಪ್ರೀಮಿಯಂ ಕಟ್ಟಲು ಪೌರಾಯುಕ್ತರಿಗೆ ಸಭೆ ಅನುಮತಿ ಕೊಟ್ಟಿರಲಿ. ಪ್ರತಿ ವರ್ಷ ಸಭೆ ಸೇರುವವರೆಗೆ ಕಾಯುವಂತೆ ಆಗಬಾರದು.

ವಾಹನದ ಬಗ್ಗೆ ಇನ್ನೂ ಕೆಲವು ಮಾತು. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಹಾಗಾಗಿ ಯಾವ ಕಂಪನಿಗೆ ಹೋದರೂ ಆ ಭಾಗದ ರೇಟು ಒಂದೇ. ನಮ್ಮ ಕಂಪನಿಯಲ್ಲಿ ಥರ್ಡ್ ಪಾರ್ಟಿ ಅಗ್ಗ ಎಂದು ಯಾರಾದರೂ ಬಂದರೆ ನಂಬಬೇಡಿ. ವ್ಯತ್ಯಾಸ ಬರುವುದು ಸ್ವಂತ ವಾಹನದ ಹಾನಿಗೆ ಕಟ್ಟುವ ಭಾಗದಲ್ಲಿ. ಹದಿನೈದು ವರ್ಷ ಹತ್ತಿರ ಬಂದ ಹಳೆ ಗಾಡಿಗೆ ಆ ಭಾಗವನ್ನು ಬಿಡಬಹುದು. ಉಳಿತಾಯ ಬೇಕೆಂದರೆ ಮಾಡಬೇಕಾದದ್ದು ಅಲ್ಲಿ. ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ವಾಹನ ಶಾಖೆಯಿಂದಲೂ ದರ ತರಿಸಿ, ಹೋಲಿಸಿ ನೋಡಿ.

ಕಾಗದಕ್ಕಿಂತ ಗಾಡಿಯನ್ನು ನೋಡುವುದು ಮುಖ್ಯ. ಟ್ರ್ಯಾಕ್ಟರ್‌ಗೂ ಟ್ರೈಲರ್‌ಗೂ ಬೇರೆ ಬೇರೆ ನೋಂದಣಿ, ಎರಡಕ್ಕೂ ವಿಮೆ ಬೇಕು. ಬಹಳ ಕಡೆ ಇಂಜಿನ್‌ಗೆ ಮಾತ್ರ ಇರುತ್ತದೆ. ಕೃಷಿಗೆ ಎಂದು ನೋಂದಣಿಯಾದ ಟ್ರ್ಯಾಕ್ಟರ್ ಬಾಡಿಗೆಗೆ ತಂದು ಕಸ ಹೊರಿಸಿದರೆ ಅಪಘಾತದ ದಿನ ಕಂಪನಿ ತಕರಾರು ತೆಗೆಯುತ್ತದೆ. ಚಾಲಕನ ಲೈಸೆನ್ಸ್ ನೋಡಿ. ಒಟ್ಟು ತೂಕ 7,500 ಕಿಲೋ ಒಳಗಿನ ಸಾಗಣೆ ವಾಹನಕ್ಕೆ ಲಘು ವಾಹನದ ಲೈಸೆನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಟೋ ಟಿಪ್ಪರ್‌ಗಳು ಅದರಲ್ಲಿ ಬರುತ್ತವೆ. ಕಸ ಒತ್ತಿ ತುಂಬುವ ದೊಡ್ಡ ಕಾಂಪ್ಯಾಕ್ಟರ್ ಲಾರಿ ಬರುವುದಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗಾಡಿ ಸಂಸ್ಥೆಯ ಹೆಸರಲ್ಲಿ ಇದ್ದರೆ ಮಾಲೀಕ-ಚಾಲಕನ ಅಪಘಾತ ವಿಮೆ ಅದರಲ್ಲಿ ಇರುವುದಿಲ್ಲ. ಪಗಾರದ ಚಾಲಕನನ್ನೂ ಹಿಂದೆ ನಿಲ್ಲುವ ಲೋಡರ್‌ಗಳನ್ನೂ ಬೇರೆಯಾಗಿ ಸೇರಿಸಬೇಕು. ಅದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ಸೇರಿಸದೆ ಬಿಟ್ಟರೆ ಬೀಳುವ ಹೊರೆ ದೊಡ್ಡದು.

ಈಗ ಮನುಷ್ಯರ ವಿಮೆಗೆ ಬರೋಣ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಗುತ್ತಿಗೆ ಮೇಲೆ ದುಡಿಯುವ ಚಾಲಕರು, ಲೋಡರ್‌ಗಳು, ವಾಲ್ವ್‌ಮನ್‌ಗಳಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರಬೇಕು. ತಿಂಗಳ ಪಗಾರ 21,000 ರೂಪಾಯಿ ಒಳಗಿದ್ದವರಿಗೆ ಅದು ಅನ್ವಯ. ಮಾಲೀಕರ ಪಾಲು ಶೇ 3.25, ಕಾರ್ಮಿಕರ ಪಾಲು ಶೇ 0.75. ಕಾರ್ಮಿಕರ ಪಗಾರದಲ್ಲಿ ಹಿಡಿಯುತ್ತಾರೆ, ಕಟ್ಟುವುದಿಲ್ಲ. ಈ ದೂರು ನಮ್ಮ ಭಾಗದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ. ಯಾದಗಿರಿಯ ಒಬ್ಬ ಲೋಡರ್ ಅಲ್ಲಿಗೆ ಹೋಗಿ ಕಾರ್ಡ್ ತೋರಿಸಿದಾಗ ವಂತಿಗೆ ಕಟ್ಟೇ ಇಲ್ಲ ಎಂದರೆ ಆತ ಏನು ಮಾಡಬೇಕು?

ಗುತ್ತಿಗೆದಾರ ಕಟ್ಟದಿದ್ದರೆ ಮುಖ್ಯ ಮಾಲೀಕರೇ ಕಟ್ಟಿ ಆಮೇಲೆ ಆತನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಇಲ್ಲಿ ಮುಖ್ಯ ಮಾಲೀಕರು ನಗರಸಭೆ. ಹಾಗಾಗಿ ಪ್ರತಿ ತಿಂಗಳ ಬಿಲ್ಲಿನ ಜೊತೆ ಇಎಸ್‌ಐ ಚಲನ್ ಇರಬೇಕು. ಚಲನ್ ಇದ್ದರೆ ಸಾಲದು, ಅದರಲ್ಲಿರುವ ಹೆಸರುಗಳು ಹಾಜರಿ ಪುಸ್ತಕದ ಹೆಸರುಗಳಿಗೆ ತಾಳೆಯಾಗಬೇಕು. ನಲವತ್ತು ಜನ ದುಡಿದು ಇಪ್ಪತ್ತೈದು ಜನರಿಗೆ ಕಟ್ಟಿದ್ದನ್ನು ನಾನೇ ಹಿಡಿದಿದ್ದೇನೆ.

ಗುಂಪು ಅಪಘಾತ ವಿಮೆ ಇದರ ಮೇಲೆ ಹೆಚ್ಚುವರಿ. ಅದು ಇಎಸ್‌ಐ ಬದಲಿಗೆ ಅಲ್ಲ. ದುಡ್ಡು ತೀರಾ ಕಡಿಮೆ ಇದ್ದರೆ ಒಂದು ದಿನ ಬ್ಯಾಂಕಿನವರನ್ನು ಕರೆಸಿ ಕ್ಯಾಂಪ್ ಮಾಡಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಜೀವನ ಜ್ಯೋತಿಗೆ ವರ್ಷಕ್ಕೆ 436 ರೂಪಾಯಿ, ಯಾವುದೇ ಕಾರಣದ ಸಾವಿಗೆ 2 ಲಕ್ಷ. ಎರಡೂ ಪ್ರತಿ ವರ್ಷ ಜೂನ್ 1ಕ್ಕೆ ಹೊಸದಾಗುತ್ತವೆ. ಆ ದಿನಗಳಲ್ಲಿ ಖಾತೆಯಲ್ಲಿ ದುಡ್ಡು ಇರಬೇಕು, ಇಲ್ಲದಿದ್ದರೆ ಸುಮ್ನೆ ರದ್ದಾಗುತ್ತದೆ.

ಒಂದು ಎಚ್ಚರಿಕೆಯ ಮಾತು. ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವುದಕ್ಕೆ ಯಾವ ವಿಮೆಯೂ ರಕ್ಷಣೆ ಅಲ್ಲ. ಕೈಯಿಂದ ಮಲ ಬಳಿಯುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಅಪಾಯಕಾರಿಯಾಗಿ ಒಳಚರಂಡಿಗೆ ಇಳಿಸುವುದನ್ನೇ ನಿಷೇಧಿಸಿದೆ. ಒಳಚರಂಡಿಯಲ್ಲಿ ಸಾವಾದರೆ 30 ಲಕ್ಷ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಮೆ ಇದೆಯಲ್ಲ, ಇಳಿಸಿ ಎನ್ನುವ ಮಾತು ಯಾರ ಬಾಯಿಂದಲೂ ಬರಕೂಡದು.

ಕಟ್ಟಡ ಮತ್ತು ಪಂಪ್‌ಹೌಸ್ ವಿಷಯದಲ್ಲಿ ಸಭೆಗೆ ನಿಜವಾದ ಸ್ವಾತಂತ್ರ್ಯ ಇದೆ. ಎಲ್ಲದಕ್ಕೂ ವಿಮೆ ಬೇಡ. ಒಂದು ಕಂಪೌಂಡ್ ಗೋಡೆ ಬಿದ್ದರೆ ನಗರಸಭೆಯೇ ಕಟ್ಟಿಕೊಳ್ಳಬಹುದು. ಬೀದಿದೀಪ ಒಡೆದರೆ ಹೊಸದು ಹಾಕಬಹುದು. ಯಾವುದು ಹೋದರೆ ಊರಿಗೆ ಒಂದು ವಾರ ನೀರು ಬರುವುದಿಲ್ಲವೋ ಅದಕ್ಕೆ ವಿಮೆ ಮಾಡಿಸಿ. ಅಂದರೆ ನದಿಯಿಂದ ನೀರೆತ್ತುವ ಜಾಕ್‌ವೆಲ್, ಪಂಪು, ಟ್ರಾನ್ಸ್‌ಫಾರ್ಮರ್, ಪ್ಯಾನೆಲ್ ಬೋರ್ಡ್. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕೆಳಗೆ ಭೀಮಾ ದಂಡೆಯ ನಮ್ಮ ಗತಿ ಏನಾಗುತ್ತದೆ ಎಂದು 2020ರ ಅಕ್ಟೋಬರ್‌ನಲ್ಲಿ ನೋಡಿದ್ದೇವೆ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೋಡಿದ್ದೇವೆ. ಪಾಲಿಸಿಯಲ್ಲಿ ಪ್ರವಾಹ ಸೇರಿದೆಯಾ ಎಂದು ಓದಿ ಹೇಳಿಸಿ. ವೋಲ್ಟೇಜ್ ಏರಿಳಿತಕ್ಕೆ ಮೋಟರ್ ಸುಟ್ಟರೆ ಬೆಂಕಿ ವಿಮೆಯಲ್ಲಿ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಅದಕ್ಕೆ ಯಂತ್ರ ಕೆಡುವ ವಿಮೆ ಎಂದು ಬೇರೆಯೇ ಇದೆ.

ಮೊತ್ತವನ್ನೂ ನೋಡಿ. ಪ್ರೀಮಿಯಂ ಕಡಿಮೆ ಬರಲಿ ಎಂದು 2 ಕೋಟಿ ಬೆಲೆಯ ಆಸ್ತಿಯನ್ನು 1 ಕೋಟಿ ಎಂದು ತೋರಿಸುವ ರೂಢಿ ಇದೆ. ನಾಳೆ 40 ಲಕ್ಷ ನಷ್ಟವಾದರೆ ಕಂಪನಿ ಕೊಡುವುದು 20 ಲಕ್ಷ ಮಾತ್ರ. ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ಅರ್ಧ ನಷ್ಟ ನಿಮ್ಮದೇ ಎಂದು ಅವರ ಲೆಕ್ಕ. ಇದನ್ನು ಸರಾಸರಿ ಷರತ್ತು ಎನ್ನುತ್ತಾರೆ. 2021ರ ಏಪ್ರಿಲ್‌ನಿಂದ ಬಂದಿರುವ 5 ಕೋಟಿವರೆಗಿನ ಆಸ್ತಿಯ ಪಾಲಿಸಿಯಲ್ಲಿ ಬೆಲೆಯನ್ನು ಶೇ 15ರವರೆಗೆ ಕಡಿಮೆ ತೋರಿಸಿದ್ದರೆ ಮನ್ನಾ ಇದೆ. ಶೇ 15ನ್ನೂ ಮೀರಿ ಕಡಿಮೆ ತೋರಿಸಿದ್ದರೆ ಇಲ್ಲ.

ಸದಸ್ಯರ ಅಪಘಾತ ವಿಮೆಯನ್ನು ಈ ಪಟ್ಟಿಯಿಂದ ತೆಗೆಸಿ, ಬೇರೆ ವಿಷಯವಾಗಿ ತರಲು ಹೇಳಿ. ಅದಕ್ಕೆ ಸರ್ಕಾರದ ಆದೇಶ ಇದ್ದರೆ ತೋರಿಸಲಿ. ಪೌರಕಾರ್ಮಿಕರ ಹೆಸರಿನ ಪಟ್ಟಿಯಲ್ಲಿ ನಮ್ಮ ಹೆಸರನ್ನೂ ಸೇರಿಸಿಕೊಂಡು ಪಾಸು ಮಾಡುವುದು ಚೆನ್ನಾಗಿ ಕಾಣುವುದಿಲ್ಲ.

ಇನ್ನು ಜಾಹೀರಾತು. ನಾನು ಅದರ ವಿರೋಧಿ ಅಲ್ಲ. ಸುರಪುರದ ನಾಯಕರ ಕಥೆ, ಟೇಲರ್ ಮಂಜಿಲ್, ಬೋನಾಳದ ಹಕ್ಕಿಗಳು, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಯಾದಗಿರಿಯ ಕೋಟೆ, ತಿಂಥಣಿಯ ಮೌನೇಶ್ವರ, ನಾರಾಯಣಪುರದ ಬಸವಸಾಗರ. ಇಷ್ಟೆಲ್ಲಾ ಇದ್ದೂ ನಮ್ಮ ಜಿಲ್ಲೆಗೆ ನೋಡಲು ಅಂತ ಬರುವವರು ಕಡಿಮೆ. ಅದು ನನಗೂ ನೋವಿನ ವಿಷಯವೇ. ಆದರೆ 15 ಲಕ್ಷದಲ್ಲಿ ಏನು ಮಾಡುತ್ತೀರಿ ಎನ್ನುವುದು ಬೇಕಲ್ಲವಾ?

ಮೊದಲು ದುಡ್ಡಿನ ಮೂಲ ಕೇಳಿ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ಕೆಲಸ ಹೇಳಿದ್ದಾರೆ. ಪ್ರವಾಸೋದ್ಯಮ ಎನ್ನುವ ಹೆಸರು ಅದರಲ್ಲಿ ಇಲ್ಲ. ಸಾಂಸ್ಕೃತಿಕ ಅಂಶಗಳ ಪ್ರೋತ್ಸಾಹ ಇದೆ, ಉದ್ಯಾನ ಮತ್ತು ಆಟದ ಮೈದಾನ ಇವೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲೂ ಕಡ್ಡಾಯ ಕೆಲಸ ಬೇರೆ, ಇಚ್ಛೆಯ ಕೆಲಸ ಬೇರೆ. ಜಾಹೀರಾತು ಬರುವುದು ಎರಡನೆಯದರಲ್ಲಿ. ಹಣಕಾಸು ಆಯೋಗದ ಅನುದಾನದ ದೊಡ್ಡ ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಪರಿಶಿಷ್ಟರ ಶೇ 24.10, ಇತರ ಬಡವರ ಶೇ 7.25, ಅಂಗವಿಕಲರ ಶೇ 5ರ ನಿಧಿಗಳನ್ನು ಮುಟ್ಟುವ ಹಾಗೇ ಇಲ್ಲ. ಉಳಿಯುವುದು ಮನೆ ತೆರಿಗೆ, ನಳದ ಬಿಲ್ಲು, ಮಳಿಗೆ ಬಾಡಿಗೆಯ ಸ್ವಂತ ದುಡ್ಡು. ಅದರಲ್ಲಿ 15 ಲಕ್ಷ ತೆಗೆದರೆ ಯಾವ ಓಣಿಯ ಚರಂಡಿ ನಿಲ್ಲುತ್ತದೆ ಎಂದು ಕೇಳಿ. ಬಜೆಟ್‌ನಲ್ಲಿ ಈ ಖರ್ಚಿಗೆ ತಲೆಬರಹವೇ ಇಲ್ಲದಿದ್ದರೆ ಮೊದಲು ಬಜೆಟ್ ತಿದ್ದುಪಡಿ ಆಗಬೇಕು.

ಎರಡನೆಯದು, ಜಾಹೀರಾತಿನಲ್ಲಿ ಯಾರ ಫೋಟೋ ಇರುತ್ತದೆ? ಸರ್ಕಾರಿ ದುಡ್ಡಿನ ಜಾಹೀರಾತಿನಲ್ಲಿ ಫೋಟೋ ಹಾಕುವುದಕ್ಕೆ 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಿತಿ ಹಾಕಿತು. 2016ರಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ, ಸಂಬಂಧಿಸಿದ ಸಚಿವರ ಫೋಟೋಗೆ ಅವಕಾಶ ಕೊಟ್ಟಿತು. ನಗರಸಭೆ ಅಧ್ಯಕ್ಷರಾಗಲಿ, ಸದಸ್ಯರಾಗಲಿ ಆ ಪಟ್ಟಿಯಲ್ಲಿ ಇಲ್ಲ. ಈ ಮಾತನ್ನು ಸಭೆಯಲ್ಲಿ ಹೇಳಿ. ಫೋಟೋ ಇರುವುದಿಲ್ಲ ಎಂದು ಗೊತ್ತಾದ ಮೇಲೂ 15 ಲಕ್ಷ ಬೇಕು ಎನ್ನುವವರು ನಿಜವಾಗಿ ಪ್ರವಾಸೋದ್ಯಮದ ಕಾಳಜಿ ಇರುವವರು. ಅವರ ಜೊತೆ ಕುಳಿತು ಮುಂದಿನ ಮಾತು ಆಡಿ.

ಮೂರನೆಯದು, ಯಾರನ್ನು ಕರೆಯುತ್ತಿದ್ದೀರಿ? ಬೆಂಗಳೂರಿನಲ್ಲಿ ಒಂದು ಹೋರ್ಡಿಂಗ್ ಹಾಕಿದರೆ ಅದನ್ನು ನೋಡಿ ಯಾದಗಿರಿ ರೈಲು ಹತ್ತುವವರು ಎಷ್ಟು ಜನ? ನಮಗೆ ಹತ್ತಿರ ಇರುವುದು ತೆಲಂಗಾಣ. ನಾರಾಯಣಪೇಟೆ, ಮಹಬೂಬನಗರ, ಹೈದರಾಬಾದಿನವರಿಗೆ ಗುರುಮಠಕಲ್ ದಾಟಿದರೆ ಯಾದಗಿರಿ. ಆ ಕಡೆ ಸೋಲಾಪುರ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನಿಗೆ ಬರುವ ಜನರನ್ನು ನೋಡಿ. ಯಾವ ಜಾಹೀರಾತೂ ಇಲ್ಲದೆ ಆಂಧ್ರ, ತೆಲಂಗಾಣದಿಂದ ಬರುತ್ತಾರೆ. ಭಂಡಾರ ಹಚ್ಚಿಕೊಂಡು, ದರ್ಶನ ಮುಗಿಸಿ, ಅದೇ ದಿನ ಗಾಡಿ ಹತ್ತುತ್ತಾರೆ. ಯಾದಗಿರಿ ಕೋಟೆ ಇಷ್ಟು ಹತ್ತಿರ ಇದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಈಗಾಗಲೇ ಬಂದವರನ್ನು ಅರ್ಧ ದಿನ ಹೆಚ್ಚು ನಿಲ್ಲಿಸುವುದು, ಬರದವರನ್ನು ದೂರದಿಂದ ಕರೆಯುವುದಕ್ಕಿಂತ ಬಹಳ ಅಗ್ಗ.

ನಾನಾಗಿದ್ದರೆ ಮೊದಲ ವರ್ಷ 4 ಲಕ್ಷ ಸಾಕು ಎನ್ನುತ್ತಿದ್ದೆ. ರೈಲು ನಿಲ್ದಾಣ ಮತ್ತು ಬಸ್ ನಿಲ್ದಾಣದಲ್ಲಿ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್‌ನಲ್ಲಿ ಒಂದು ದೊಡ್ಡ ನಕ್ಷೆ. ದಾರಿಯುದ್ದಕ್ಕೂ ಬಾಣದ ಗುರುತಿನ ಫಲಕ. ಹೈದರಾಬಾದ್ ಕಡೆ ಓಡುವ ಕೆಕೆಆರ್‌ಟಿಸಿ ಬಸ್ಸುಗಳ ಹಿಂದೆ ಎರಡು ತಿಂಗಳ ಜಾಹೀರಾತು. ಗೂಗಲ್ ನಕ್ಷೆಯಲ್ಲಿ ಜಾಗ, ಸಮಯ, ಒಳ್ಳೆಯ ಫೋಟೋ ಸರಿಯಾಗಿ ಹಾಕಿಸುವುದು. ಇದಕ್ಕೆ ದುಡ್ಡು ಬೇಡ, ಕಾಲೇಜಿನ ನಾಲ್ಕು ಹುಡುಗರು ಸಾಕು. ಸ್ಮಾರಕ ಸಂರಕ್ಷಿತವಾಗಿದ್ದರೆ ಹತ್ತಿರ ಫಲಕ ನೆಡುವ ಮೊದಲು ಪುರಾತತ್ವ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಉಳಿದ ದುಡ್ಡಿನಲ್ಲಿ ಕೋಟೆ ಹತ್ತುವ ಜಾಗದಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಚಿಲಕ ಇರುವ ಶೌಚಾಲಯ. ಒಂದು ಕುಟುಂಬ ಬಂದು ಶೌಚಾಲಯ ಇಲ್ಲದೆ ಒದ್ದಾಡಿ ವಾಪಸ್ ಹೋದರೆ ಊರಿಗೆ ಹೋಗಿ ಹತ್ತು ಮನೆಗೆ ಹೇಳುತ್ತದೆ. ಅದನ್ನು ಯಾವ ಹೋರ್ಡಿಂಗೂ ಅಳಿಸಲಾರದು. ದೊಡ್ಡ ಮಟ್ಟದ ಪ್ರಚಾರ ರಾಜ್ಯದ ಪ್ರವಾಸೋದ್ಯಮ ಇಲಾಖೆಯ ಕೆಲಸ. ಅವರಿಗೆ ನಿಮ್ಮ ಊರಿನ ಒಳ್ಳೆಯ ಚಿತ್ರ, ಸರಿಯಾದ ಮಾಹಿತಿ ಕಳಿಸಿ ಬೆನ್ನು ಹತ್ತಿ.

ಎರಡು ವಿಷಯ ಒಂದಕ್ಕೊಂದು ಎಲ್ಲಿ ಸೇರುತ್ತವೆ ಎಂದೂ ಹೇಳಬೇಕು. ಜನರನ್ನು ಕರೆದರೆ ಅವರ ಜವಾಬ್ದಾರಿಯೂ ಬರುತ್ತದೆ. ಕೆರೆಯಲ್ಲಿ ದೋಣಿ, ಪಾರ್ಕಿನಲ್ಲಿ ಜೋಕಾಲಿ, ಬೆಟ್ಟದ ಮೆಟ್ಟಿಲು, ಉತ್ಸವದ ಪೆಂಡಾಲ್, ಬೀದಿದೀಪದ ಕಂಬದಲ್ಲಿ ಬರುವ ಕರೆಂಟು. ಬಂದವರಿಗೆ ಪೆಟ್ಟಾದರೆ ನಗರಸಭೆಯೇ ಉತ್ತರ ಕೊಡಬೇಕು. ಇದಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಎಂದು ಇದೆ. ನಿಮ್ಮ 11 ಲಕ್ಷದ ಪಟ್ಟಿಯಲ್ಲಿ ಇದು ಇದೆಯಾ ನೋಡಿ. ದೋಣಿ, ಜೋಕಾಲಿ ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರ ವಿಮೆ ಮಾಡಿಸಿ, ಅದರಲ್ಲಿ ನಗರಸಭೆಯ ಹೆಸರನ್ನೂ ಸೇರಿಸಬೇಕು ಎಂದು ಕರಾರಿನಲ್ಲಿ ಬರೆಸಿ. ವಿಮೆ ಕಡಿಮೆ ಮಾಡಿ ಜಾಹೀರಾತು ಜಾಸ್ತಿ ಮಾಡೋಣ ಎನ್ನುವುದು ಇಲ್ಲೇ ತಪ್ಪುತ್ತದೆ. ಜಾಹೀರಾತು ಫಲಿಸಿದಷ್ಟೂ ವಿಮೆಯ ಅಗತ್ಯ ಜಾಸ್ತಿಯಾಗುತ್ತದೆ.

ಸಭೆಯಲ್ಲಿ ಇಷ್ಟು ಹೇಳಿದರೆ ಸಾಕು: "ಕಡ್ಡಾಯ ವಿಮೆಗೆ ಈಗಲೇ ಒಪ್ಪಿಗೆ ಕೊಡೋಣ. ಆಸ್ತಿ ವಿಮೆಗೆ ಆಸ್ತಿಗಳ ಪಟ್ಟಿ, ಇವತ್ತಿನ ಬೆಲೆ, ಐದು ವರ್ಷದ ರಿಪೇರಿ ಬಿಲ್ಲು ಮುಂದಿನ ಸಭೆಗೆ ಬರಲಿ. ಕ್ಲೇಮ್ ಕೆಲಸಕ್ಕೆ ಒಬ್ಬ ಸಿಬ್ಬಂದಿಯನ್ನು ಹೆಸರು ಹಾಕಿ ನೇಮಿಸೋಣ. ಜಾಹೀರಾತಿಗೆ ಯೋಜನೆ ತನ್ನಿ. ಯಾರನ್ನು ಕರೆಯುತ್ತೀರಿ, ಬಂದವರನ್ನು ಹೇಗೆ ಎಣಿಸುತ್ತೀರಿ ಎಂದು ಅದರಲ್ಲಿ ಇರಲಿ." ಎಣಿಸುವುದು ಕಷ್ಟವಲ್ಲ. ಕೋಟೆಯ ಬುಡದಲ್ಲಿ ಒಂದು ರಿಜಿಸ್ಟರ್ ಇಟ್ಟು ಯಾವ ಊರಿನವರು, ಹೇಗೆ ಗೊತ್ತಾಯಿತು ಎಂದು ಎರಡು ಕಾಲಂ ಬರೆಸಿದರೆ ಆಯಿತು.

ನಿಮ್ಮ ಮಾತಿಗೆ ಬೆಂಬಲ ಸಿಗದಿದ್ದರೆ ಜಗಳಕ್ಕೆ ಇಳಿಯಬೇಡಿ. ನನ್ನ ಆಕ್ಷೇಪಣೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎಂದು ಹೇಳಿ, ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ಒಂದು ವಾರ ಬಿಟ್ಟು ನಡಾವಳಿಯ ನಕಲು ಕೇಳಿ. ಅದರಲ್ಲಿ ನಿಮ್ಮ ಮಾತು ಇಲ್ಲದಿದ್ದರೆ, ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ದೃಢೀಕರಿಸುವ ವಿಷಯ ಬಂದ ಕೂಡಲೇ ಎದ್ದು ನಿಲ್ಲಿ. ಮತ್ತೆ, ಸಭೆಗಾಗಿ ಕಾಯದೆ ನಾಳೆಯೇ ಕಚೇರಿಗೆ ಹೋಗಿ ಕಸದ ಗಾಡಿಗಳ ಪಾಲಿಸಿ ಮುಗಿಯುವ ತಾರೀಖು ಒಂದೊಂದಾಗಿ ಬರೆದುಕೊಳ್ಳಿ.